ಲಾಂಡ್ರಿ ಪಿಕಪ್ಪಿನ ಹೊಸ ಮೂಗು

ಗಾಡಿಯ ಏರ್ ಫಿಲ್ಟರನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದವನು ಅವಳ ಗಂಡ. ತಪ್ಪನ್ನೆಲ್ಲ ಅವನ ತಲೆಗೇ ಕಟ್ಟುವುದೂ ಸರಿಯಲ್ಲ. ತಾತನ ಕಾಲದಿಂದ ಲಾಂಡ್ರಿ ನಡೆಸಿಕೊಂಡು ಬಂದ ಮನೆ ಅದು. ಆ ಮನೆಯಲ್ಲಿ ಕೊಳೆಯಾದದ್ದನ್ನು ಯಾರೂ ಎಸೆಯುವುದಿಲ್ಲ, ಒಗೆಯುತ್ತಾರೆ. ಕಾಲೊರಸು, ಪರದೆ, ಸೋಫಾದ ಗವಸು, ಮೈದುನನ ಬೂಟು, ಒಮ್ಮೆ ಕೈಗಡಿಯಾರದ ಪಟ್ಟಿ ಕೂಡ. ಹಾಗಾಗಿ ಬಾನೆಟ್ಟು ಎತ್ತಿದಾಗ ಮಡಿಕೆ ಮಡಿಕೆಯ ಕಾಗದದ ಫಿಲ್ಟರಿಗೆ ಬೂದು ಬಣ್ಣದ ನಾರು ಕಂಬಳಿಯಂತೆ ಮೆತ್ತಿಕೊಂಡದ್ದು ಕಂಡು ಅವನ ಕೈ ತಾನಾಗಿಯೇ ಸೋಪಿನ ಪುಡಿಯತ್ತ ಹೋಯಿತು.

"ಜೋರಾಗಿ ತಿರುಗಿಸಿಲ್ಲ ಕಣೇ, ರೇಷ್ಮೆ ಬಟ್ಟೆಗೆ ಹಾಕೋ ಮೆಲ್ಲನೆ ಸುತ್ತಿಗೇ ಹಾಕಿದೀನಿ," ಎಂದು ಅವನು ಒದ್ದೆ ಫಿಲ್ಟರನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ.

"ಇಸ್ತ್ರಿ ಒಂದು ಬಾಕಿ ಉಳೀತು ನೋಡಿ," ಎಂದಳು ಅವಳು. ಅವನು ನಗಲಿಲ್ಲ. ಇಸ್ತ್ರಿಯ ವಿಷಯ ಆ ಮನೆಯಲ್ಲಿ ತಮಾಷೆಯದಾಗಿರಲಿಲ್ಲ.

ಒಣಗಿದ ಫಿಲ್ಟರು ನೋಡುವುದಕ್ಕೆ ಹೊಸದರಂತೆಯೇ ಇತ್ತು. ಮಡಿಕೆಗಳ ಸಂದಿಯಲ್ಲಿ ಕಾಗದ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅದುವರೆಗೆ ದಿಬ್ಬ ಹತ್ತುವಾಗ ಮಾತ್ರ ಏದುಸಿರು ಬಿಡುತ್ತಿದ್ದ ಗಾಡಿ ಈಗ ಸಮತಟ್ಟು ರಸ್ತೆಯಲ್ಲೂ ಕೆಮ್ಮತೊಡಗಿತು.

ಗಾಡಿ ಅಂದರೆ ಹಳೆಯ ಡೀಸೆಲ್ ಪಿಕಪ್. ಮಾವ ಕೊಂಡದ್ದು. ಮಾವ ಹೋದ ಮೇಲೆ ಅದು ಅತ್ತೆಯ ಹೆಸರಿಗೆ ಬಂತು, ಕೆಲಸ ಮಾತ್ರ ಸೊಸೆಯ ಪಾಲಿಗೆ ಬಂತು. ಮಾವನಿಗೆ ಕಣ್ಣು ಮಂಜಾದಾಗ ಸ್ಟೇರಿಂಗು ಯಾರಿಗೆ ಎಂಬ ಪ್ರಶ್ನೆ ಎದ್ದಿತ್ತು. ಗಂಡನಿಗೆ ಎದುರಿನಿಂದ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಮೈದುನ ಓಡಿಸಿದರೆ ಬಟ್ಟೆಯ ಗಂಟುಗಳು ತಿರುವು ತಿರುವಿಗೂ ರಸ್ತೆಗೆ ಬೀಳುತ್ತಿದ್ದವು. ಬೇರೆ ದಾರಿ ಕಾಣದೆ ಮಾವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಅಲ್ಲಿಯವರೆಗೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಸ್ತ್ರಿ ಮಾಡುತ್ತಿದ್ದವಳು ಅವಳು. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆಯೆಂದು ಅವಳಿಗೆ ಅಂಗೈಯ ಗೆರೆಗಳಷ್ಟು ಚೆನ್ನಾಗಿ ಗೊತ್ತಿತ್ತು.

ಡ್ರೈವರ್ ಆದ ಮೇಲೂ ಅವಳ ಉಳಿದ ಕೆಲಸವೇನೂ ಕಡಿಮೆಯಾಗಲಿಲ್ಲ. ಬೆಳಗ್ಗೆ ಎದ್ದು ತಿಂಡಿ ಮಾಡಿ, ಪಾತ್ರೆ ತೊಳೆದು, ಗಂಟುಗಳನ್ನು ಹೇರಿಸಿಕೊಂಡು ಹೊರಡುವುದು. ಹೋಟೆಲುಗಳಿಗೆ ಟವೆಲು, ದಿಬ್ಬದ ಮೇಲಿನ ಆಸ್ಪತ್ರೆಗೆ ಹಾಸಿಗೆಯ ಬಟ್ಟೆ. ಬಂದು ಮತ್ತೆ ಇಸ್ತ್ರಿ. ಆದರೂ ಗಾಡಿಯ ಆ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರೆ ಸಾಕು, "ಏನೇ", "ಎಲ್ಲಿದೀಯೇ", "ಕೇಳಿಸ್ತಾ" ಎಂಬ ಕೂಗುಗಳೆಲ್ಲ ಹೊರಗೇ ಉಳಿಯುತ್ತಿದ್ದವು. ಆಸ್ಪತ್ರೆಯಲ್ಲಿ ಅವಳನ್ನು ಡ್ರೈವರಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಅವಳು ಯಾರದೋ ಹೆಂಡತಿ, ಯಾರದೋ ಅತ್ತಿಗೆ, ಯಾರದೋ ಸೊಸೆ.

ಗಾಡಿಯ ಕೆಮ್ಮಿಗೆ ಮೈದುನ ಒಂದು ಮದ್ದು ತಂದ. ಫೋನಿನಲ್ಲಿ ನೋಡಿ ತರಿಸಿದ್ದು. ಕೆಂಪು ಬಣ್ಣದ, ಥಳಥಳ ಹೊಳೆಯುವ, ಕೊಳವೆಯ ತುದಿಗೆ ಸಿಕ್ಕಿಸುವ, ಡಬ್ಬಿಯಿಲ್ಲದ ಬರಿಮೈ ಫಿಲ್ಟರು. ಹಳೆಯ ಡಬ್ಬಿಯನ್ನು ಕಿತ್ತು ಮೂಲೆಗೆ ಎಸೆದು, ಇಂಜಿನ್ನಿನ ಪಕ್ಕದಲ್ಲೇ ಅದನ್ನು ಕೂರಿಸಿ ಆಕ್ಸಿಲರೇಟರು ಒತ್ತಿದ. ಗಾಡಿ ಬುಸ್ ಎಂದಿತು.

"ಕೇಳಿ ಅತ್ತಿಗೆ! ವಿಮಾನದ ಹಾಗಿಲ್ವಾ?"

"ವಿಮಾನ ಮೇಲೆ ಹೋಗುತ್ತೆ ಕಣೋ. ಇದು ದಿಬ್ಬದ ಬುಡದಲ್ಲೇ ಕೂತಿರುತ್ತೆ ನೋಡು," ಎಂದಳು ಅವಳು.

ಹೆಚ್ಚುಕಮ್ಮಿ ಹಾಗೆಯೇ ಆಯಿತು. ಆಸ್ಪತ್ರೆಯ ದಿಬ್ಬದ ಅರ್ಧದಲ್ಲಿರುವ ತಿರುವಿನಲ್ಲಿ ಗಾಡಿ ಮೊದಲನೇ ಗೇರಿಗೂ ಬಗ್ಗದೆ ನಿಂತಿತು. ಹಿಂದಿನಿಂದ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಎದ್ದು ಟಾರ್ಪಾಲಿನ ಅಡಿಗೆ ನುಗ್ಗಿತು. ದಾರಿಹೋಕರಿಂದ ತಳ್ಳಿಸಿಕೊಂಡು ಹೇಗೋ ಮೇಲೆ ಹೋಗಿ ಗಂಟು ಬಿಚ್ಚಿದರೆ, ಬಿಳಿ ಹಾಸುಗಳ ಅಂಚಿಗೆಲ್ಲ ಮಸಿ. ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವ ಹೆಂಗಸು ಕನ್ನಡಕ ಏರಿಸಿ ಒಂದೊಂದನ್ನೂ ತಿರುಗಿಸಿ ನೋಡಿದಳು.

"ಡ್ರೈವರಮ್ಮ, ಇದನ್ನ ನಾನು ರೋಗಿ ಮೈಗೆ ಹೊದಿಸಲಾ? ಎಲ್ಲಾ ವಾಪಸ್ ತಗೊಂಡು ಹೋಗಿ. ಇನ್ನೊಂದು ಸಲ ಹೀಗಾದ್ರೆ ನಮ್ಮ ಮೇಲಿನವರು ಬೇರೆ ಲಾಂಡ್ರಿ ನೋಡ್ತಾರೆ, ನನ್ನನ್ನ ಬೈಕೋಬೇಡಿ."

ವಾಪಸು ಬಂದ ಗಂಟುಗಳನ್ನೆಲ್ಲ ಮತ್ತೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದವಳು ಯಾರೆಂದು ಹೇಳಬೇಕಾಗಿಲ್ಲ.

ಅಂದು ಊಟಕ್ಕೆ ಕೂತಾಗ ಗಂಡ ಗಂಟಲು ಸರಿಮಾಡಿಕೊಂಡ. ಅಣ್ಣ ತಮ್ಮ ಮೊದಲೇ ಮಾತಾಡಿಕೊಂಡಿದ್ದು ಮೈದುನ ತಟ್ಟೆಯಿಂದ ಕಣ್ಣೆತ್ತದಿದ್ದುದರಿಂದಲೇ ಗೊತ್ತಾಗುತ್ತಿತ್ತು.

"ಗಾಡಿ ಕೊಟ್ಟುಬಿಡೋಣ ಅಂತ. ತರಕಾರಿ ವ್ಯಾಪಾರಿ ಒಬ್ಬ ಕೇಳ್ತಿದಾನೆ, ಭಾನುವಾರ ಬಂದು ನೋಡ್ತಾನಂತೆ. ಬಾಡಿಗೆ ವ್ಯಾನು ಡ್ರೈವರ್ ಸಮೇತ ಸಿಗುತ್ತೆ. ತಲೆನೋವಿಲ್ಲ."

"ಮತ್ತೆ ನಾನು?"

"ನಿನಗೇನು ಕೆಲಸಕ್ಕೆ ಬರವಾ? ಇಸ್ತ್ರಿ ಮೇಜಿದೆ, ಅಡಿಗೆಮನೆ ಇದೆ. ಬಿಸಿಲಲ್ಲಿ ಅಲೆಯೋದು ತಪ್ಪುತ್ತೆ. ಆರಾಮಾಗಿ ಮನೇಲಿರಬಹುದು."

ಆರಾಮ ಎಂಬ ಮಾತನ್ನು ಆ ಮನೆಯಲ್ಲಿ ಹೆಂಗಸರು ಮಾಡುವ ಕೆಲಸಕ್ಕೆ ಮಾತ್ರ ಬಳಸುತ್ತಿದ್ದರು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆಗೆ ಒರಗಿ ಮಂಡಿ ನೀವಿಕೊಳ್ಳುತ್ತ, "ನನ್ನನ್ನೇನು ಕೇಳ್ತೀರಿ, ನೀವು ನೀವೇ ನೋಡ್ಕೊಳ್ಳಿ," ಎಂದಳು.

ಸೊಸೆ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಭಾನುವಾರ ಅಲ್ವಾ ಅವನು ಬರೋದು? ಅಲ್ಲೀವರೆಗೂ ಗಾಡಿ ನನ್ನ ಕೈಲಿರಲಿ. ಶನಿವಾರ ಆಸ್ಪತ್ರೆ ಲೋಡು ಪೂರ್ತಿ ಹಾಕಿ ದಿಬ್ಬ ಹತ್ತಿಸ್ತೀನಿ. ಒಂದು ಚುಕ್ಕೆ ಮಸಿ ಕಂಡ್ರೂ ಕೀಲಿ ನಾನೇ ತಂದು ನಿಮ್ಮ ಕೈಗೆ ಹಾಕ್ತೀನಿ. ಕಾಣದಿದ್ರೆ ಗಾಡಿ ಮಾರೋ ಮಾತು ಎತ್ತಬಾರದು."

"ಹತ್ತಿಸು ನೋಡೋಣ," ಎಂದ ಗಂಡ, ಮಕ್ಕಳ ಹಟಕ್ಕೆ ಹೂಂಗುಟ್ಟುವ ದನಿಯಲ್ಲಿ.

ಗ್ಯಾರೇಜಿನವನು ಮಾತಿಗಿಂತ ಮೂಗಿನಲ್ಲೇ ಹೆಚ್ಚು ಉತ್ತರ ಕೊಡುವ ಮನುಷ್ಯ. ಬಾನೆಟ್ಟು ಎತ್ತಿ ಕೆಂಪು ಫಿಲ್ಟರನ್ನು ಕಂಡು ಮೂಗು ಮುರಿದ.

"ನಿಮ್ಮ ಯಜಮಾನ್ರನ್ನ ಕಳಿಸಮ್ಮ, ಮಾತಾಡ್ತೀನಿ."

"ಅವರನ್ನ ಕಳಿಸಿದ್ರೆ ನೀವಿಬ್ಬರೂ ಕೂತು ಚಹಾ ಕುಡೀತೀರಿ, ಗಾಡಿ ಹಾಗೇ ಇರುತ್ತೆ. ನನ್ನ ಜೊತೆನೇ ಮಾತಾಡಿ ಅಣ್ಣಾ, ಓಡಿಸೋಳು ನಾನು."

ಅವನು ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಕೆಂಪು ಫಿಲ್ಟರನ್ನು ಬೆರಳಿನಿಂದ ತಟ್ಟಿದ. "ಇದು ಎಲ್ಲಿ ಕೂತಿದೆ ನೋಡು. ಇಂಜಿನ್ನಿನ ಬಗಲಲ್ಲಿ. ಕಾದ ಗಾಳಿಯನ್ನೇ ಎಳ್ಕೊಳ್ಳುತ್ತೆ. ಬಿಸಿ ಗಾಳಿ ತೆಳು. ಗಾಳಿ ಸಾಲದೆ ಹೋದ್ರೆ ಡೀಸೆಲ್ ಪೂರ್ತಿ ಉರಿಯಲ್ಲ, ಉರಿಯದ್ದು ಮಸಿಯಾಗಿ ಹೊರಗೆ ಬರುತ್ತೆ. ಬೇಸಿಗೇಲಿ ಒಲೆ ಮುಂದೆ ನಿಲ್ಲಿಸಿ ಓಡು ಅಂದ ಹಾಗೆ."

ಅದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಹಾಗಾದ್ರೆ ತಣ್ಣನೆ ಗಾಳಿ ಎಲ್ಲಿಂದ ತರೋದು?"

"ಮೇಲಿಂದ. ಗುಜರಿಗೆ ಹಾಕಿದ ಲಾರಿಯ ದೊಡ್ಡ ಫಿಲ್ಟರ್ ಡಬ್ಬಿ ಒಂದಿದೆ ನನ್ನ ಹತ್ರ. ಅದಕ್ಕೆ ಹೊಸ ಫಿಲ್ಟರ್ ಹಾಕಿ, ಮುಚ್ಚಳ ಭದ್ರ ಮಾಡಿ ಕೂರಿಸಿ, ಅದರಿಂದ ಒಂದು ಕೊಳವೆಯನ್ನ ಬಾಗಿಲ ಪಕ್ಕದಲ್ಲೇ ಮೇಲಕ್ಕೆ ಏರಿಸಿ ಕ್ಯಾಬಿನ್ ಎತ್ತರಕ್ಕೆ ಬಾಯಿ ಇಟ್ರೆ ಉಸಿರು ಸಲೀಸು. ಆದ್ರೆ ಕೆಲಸ ಇದೆ. ನನಗೆ ಕೈ ಬಿಡುವಿಲ್ಲ."

"ನನ್ನ ಕೈ ತಗೊಳ್ಳಿ," ಎಂದಳು ಅವಳು. ಕೈಗೆ ಬಿಡುವಿತ್ತು ಎಂದಲ್ಲ. ಬಿಡುವು ಎಂಬುದನ್ನು ಅವಳು ಎಂದೂ ಕಾಯುತ್ತ ಕೂತವಳಲ್ಲ, ಅಲ್ಲಿಂದ ಇಲ್ಲಿಂದ ಚಿವುಟಿ ತೆಗೆಯುತ್ತಿದ್ದಳು.

ಮೈದುನ ಕಿತ್ತೆಸೆದಿದ್ದ ಗಾಡಿಯ ಹಳೆಯ ಡಬ್ಬಿಯನ್ನು ಅಳತೆಗೆಂದು ತಂದು ಸ್ವಚ್ಛ ಮಾಡುವಾಗ ಅವಳು ಅದರ ತಳದಿಂದ ಒಂದು ಹಿಡಿ ಬೂದು ನಾರನ್ನು ಎಳೆದು ಬೆರಳಲ್ಲಿ ಹೊಸಕಿ ನೋಡಿದಳು. ಗ್ಯಾರೇಜಿನವನು ರಸ್ತೆ ಧೂಳು ಎಂದ. ಅವಳು ತಲೆಯಾಡಿಸಿದಳು. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಿಂದ ದಿನವೂ ಕೆರೆದು ತೆಗೆಯುವ ಟವೆಲ್ಲಿನ ನವಿರು ಅದು. ಲಾಂಡ್ರಿಯ ಹಿತ್ತಲಲ್ಲಿ ಆ ಯಂತ್ರದ ಬಿಸಿಗಾಳಿ ಹೊರಬೀಳುವ ಕೊಳವೆಯ ಕೆಳಗೇ ಗಾಡಿ ನಿಲ್ಲಿಸಿ ಗಂಟು ಹೇರುತ್ತಿದ್ದರು. ಆರಿಸಿದರೆ ಮತ್ತೆ ಸ್ಟಾರ್ಟ್ ಆಗಲು ಮೊಂಡು ಮಾಡುತ್ತದೆಂದು ಇಂಜಿನ್ನು ಆರಿಸದೆಯೇ ಹೇರುವುದು ಮಾವನ ಕಾಲದ ರೂಢಿ. ಅವಳೂ ಇಷ್ಟು ದಿನ ಪ್ರಶ್ನೆಯೇ ಇಲ್ಲದೆ ಹಾಗೇ ಮಾಡಿದ್ದಳು. ಊರಿನ ಹೋಟೆಲುಗಳ ಟವೆಲ್ಲಿನ ನಾರನ್ನೆಲ್ಲ ಗಾಡಿ ಉಸಿರಿನ ಜೊತೆ ನುಂಗಿತ್ತು.

ಆ ವಾರ ಅವಳು ಬೆಳಗಿನ ಸುತ್ತು ಮುಗಿಸಿ ಗಾಡಿಯನ್ನು ಮನೆಗೆ ತರದೆ ಗ್ಯಾರೇಜಿಗೆ ತಂದಳು. ಡಬ್ಬಿಗೆ ಕೂರಲು ಬ್ಯಾಟರಿಯ ತಟ್ಟೆ ಅಡ್ಡ ಬರುತ್ತಿತ್ತು, ಅದನ್ನು ಕತ್ತರಿಸಿ ಪಕ್ಕಕ್ಕೆ ಸರಿಸಿದರು. ಬೆಸುಗೆ ಗ್ಯಾರೇಜಿನವನದು, ಹಿಡಿಯುವುದು, ಅಳೆಯುವುದು, ಅರದಲ್ಲಿ ಉಜ್ಜುವುದು ಅವಳದು. ಕೊಳವೆಯನ್ನು ಬಾಗಿಲ ಕಂಬಕ್ಕೆ ಬಿಗಿದು ಮೇಲೆ ಬೋಗುಣಿಯಂಥ ಟೋಪಿ ಕೂರಿಸಿದರು. ಒಳಬಂದ ಗಾಳಿಯನ್ನು ಗಿರ್ರನೆ ತಿರುಗಿಸಿ ದಪ್ಪ ಧೂಳನ್ನು ಹೊರಗೆ ಚೆಲ್ಲುವ ಟೋಪಿ.

"ನವಿರು ಧೂಳಿನ ಹಾಗೆ ಭಾರ ಇಲ್ಲ, ಅದು ಹೊರಗೆ ಬೀಳಲ್ಲ," ಎಂದಳು ಅವಳು. ಮನೆಗೆ ಹೋಗಿ ಹಳೆಯ ಹಾಸಿಗೆ ಬಟ್ಟೆಯನ್ನು ಎರಡು ಪದರು ಮಾಡಿ ಟೋಪಿಗೆ ಅಳತೆಗೆ ಸರಿಯಾಗಿ ಗವಸು ಹೊಲಿದು ತಂದಳು. ಹೊಲಿಗೆ ನೇರವಾಗಿ, ಒಪ್ಪವಾಗಿ ಬಂದಿತ್ತು. ಬಹಳ ಹೆಮ್ಮೆಯಿಂದ ಅದನ್ನು ತೊಡಿಸಿ ಗಾಡಿ ಹೊರಡಿಸಿದರೆ, ಬೀದಿಯ ತುದಿ ಮುಟ್ಟುವ ಮೊದಲೇ ಇಂಜಿನ್ನು ಗುಟುಕು ಗುಟುಕು ಎಂದು ಅಲ್ಲೇ ಕಪ್ಪು ಉಗುಳಿತು. ಅಲ್ಲಿದ್ದ ಟೈರ್ ಅಂಗಡಿಯವರು ಕೈಬೀಸಿ ನಕ್ಕರು.

"ಮೂಗಿಗೆ ಬಟ್ಟೆ ತುರುಕಿ ಓಡು ಅಂದ್ರೆ?" ಎಂದ ಗ್ಯಾರೇಜಿನವನು.

"ಗೊತ್ತಾಯ್ತು ಬಿಡಿ," ಎಂದು ಅವಳು ಗವಸನ್ನು ಕಿತ್ತು ಸೀಟಿನ ಕೆಳಗೆ ತುರುಕಿದಳು. ಮುಖ ಕೆಂಪಾಗಿತ್ತು. ಮರುದಿನ, ಸೂಕ್ಷ್ಮ ಬಟ್ಟೆಗಳನ್ನು ಹಾಕಿ ಮೆಷಿನ್ನಿಗೆ ಬಿಡುವ ಬಲೆ ಚೀಲ ಒಂದನ್ನು ತಂದು ಟೋಪಿಯ ಸುತ್ತ ಬಿಗಿದು ಕಟ್ಟಿದಳು. ಗಾಳಿ ಹಾಯಿತು, ನವಿರು ನಿಂತಿತು. ಹೇರುವಾಗ ಇಂಜಿನ್ನು ಆರಿಸುವುದು, ಪ್ರತಿ ಸುತ್ತಿಗೂ ಬಲೆಯನ್ನು ಕೈಯಿಂದ ಒರೆಸುವುದು ಎಂದು ಗೊತ್ತುಮಾಡಿಕೊಂಡಳು. ಹಾಳಾದ ಸ್ಟಾರ್ಟರಿಗೂ ಗ್ಯಾರೇಜಿನವನು ಒಂದು ಗತಿ ಕಾಣಿಸಿದ.

ಅವನು ಇನ್ನು ಮುಗಿಯಿತು ಎಂದು ಕೈ ತೊಳೆದುಕೊಂಡ. ಅವಳು ಬಿಡಲಿಲ್ಲ. ಹತ್ತಿರದಲ್ಲೇ ಒಂದು ಸುತ್ತು ಹೋಗಿಬಂದು, ಬಿಳಿ ಕರವಸ್ತ್ರವನ್ನು ಕಡ್ಡಿಗೆ ಸುತ್ತಿ ಫಿಲ್ಟರಿನ ಆಚೆಗಿನ, ಇಂಜಿನ್ನಿಗೆ ಹೋಗುವ ಕೊಳವೆಯ ಒಳಗೆ ಒರೆಸಿ ತೆಗೆದಳು. ಬಟ್ಟೆಯ ಮೇಲೆ ಸಣ್ಣ ಕೆಮ್ಮಣ್ಣಿನ ಗೆರೆ.

"ಫಿಲ್ಟರ್ ದಾಟಿ ಮಣ್ಣು ಬಂದಿದೆ ಅಣ್ಣಾ. ಎಲ್ಲೋ ಸಂದಿ ಇದೆ."

ಗ್ಯಾರೇಜಿನವನು ಮೂಗಿನಲ್ಲಿ ಏನೋ ಗೊಣಗಿ ಬಗ್ಗಿದ. ಮೊಣಕೈಯಂಥ ರಬ್ಬರು ತಿರುವಿನಲ್ಲಿ ಬಿಗಿಯುವ ಪಟ್ಟಿ ಅರ್ಧ ಮಾತ್ರ ಕಚ್ಚಿತ್ತು. ಅದನ್ನು ಬಿಚ್ಚಿ ಇನ್ನೂ ಉದ್ದದ ರಬ್ಬರು ಹಾಕಿ ಬಿಗಿದ. ಮತ್ತೆ ಸುತ್ತು ಹೊಡೆದು ಒರೆಸಿದರು. ಕರವಸ್ತ್ರ ಬಿಳಿಯಾಗಿಯೇ ಹೊರಬಂತು.

ಶನಿವಾರ ಗಂಡ ಪಕ್ಕದ ಸೀಟಿನಲ್ಲಿ ಬಂದು ಕೂತ. ಮಸಿ ನೋಡುವುದಕ್ಕೆ ಎಂದ. ಗಂಟುಗಳು ಟಾರ್ಪಾಲು ಉಬ್ಬುವಷ್ಟು ತುಂಬಿದ್ದವು. ದಿಬ್ಬದ ಬುಡದಲ್ಲಿ ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಮೂರನೇ ಗೇರಿನಲ್ಲೇ ಏರತೊಡಗಿದಳು. ಮೊದಲೆಲ್ಲ ಬೈದು, ಬೇಡಿ, ಸ್ಟೇರಿಂಗನ್ನು ಮುಂದಕ್ಕೆ ತಳ್ಳಿ ಹತ್ತಿಸುತ್ತಿದ್ದ ದಾರಿ ಅದು. ತಿರುವು ಹತ್ತಿರ ಬಂದಾಗ ಇಂಜಿನ್ನಿನ ದನಿ ಸ್ವಲ್ಪ ಕುಗ್ಗಿತು.

"ಮೊದಲನೇದಕ್ಕೆ ಹಾಕು, ಮೊದಲನೇದಕ್ಕೆ!" ಎಂದ ಗಂಡ ಎರಡೂ ಕೈಯಲ್ಲಿ ಸೀಟು ಹಿಡಿದು.

"ನೀವು ಕಣ್ಣು ಮುಚ್ಕೊಳ್ಳಿ," ಎಂದು ಅವಳು ಎರಡನೇದಕ್ಕೆ ಹಾಕಿದಳು. ಗಾಡಿ ಒಮ್ಮೆ ಮೈ ಕೊಡವಿಕೊಂಡು ಎಳೆಯಿತು. ತಿರುವು ಹಿಂದಾಯಿತು. ಕನ್ನಡಿಯಲ್ಲಿ ತೆಳ್ಳನೆ ಬೂದು ಎಳೆಯೊಂದು ಕಂಡು, ನೋಡುತ್ತಿದ್ದಂತೆ ಕರಗಿತು. ಆಮೇಲೆ ಬರೀ ರಸ್ತೆ.

ಉಗ್ರಾಣದ ಹೆಂಗಸು ಬಾಗಿಲ ಕಂಬದ ಕೊಳವೆಯನ್ನು ಮೇಲಿಂದ ಕೆಳಗೆ ನೋಡಿ, "ಇದೇನು ಡ್ರೈವರಮ್ಮ, ಗಾಡಿಗೆ ಸೊಂಡಿಲು ಬಂದಿದೆ!" ಎಂದಳು. ಗಂಟು ಬಿಚ್ಚಿದಳು, ಅಂಚುಗಳನ್ನು ಬೆರಳಲ್ಲಿ ಉಜ್ಜಿದಳು, ಮೂಸಿದಳು, ಒಳಗೆ ತೆಗೆದುಕೊಂಡಳು. ಇಳಿಯುವ ದಾರಿಯುದ್ದಕ್ಕೂ ಗಂಡ ಕಿಟಕಿಯಿಂದ ತಲೆ ಹೊರಹಾಕಿ ಹೊಗೆಗಾಗಿ ಹಿಂದೆ ನೋಡುತ್ತಿದ್ದ. ಅವಳಿಗೆ ಅವನ ಮೆಚ್ಚುಗೆ ಬೇಕಾಗಿರಲಿಲ್ಲ, ಇಂಜಿನ್ನಿನ ದನಿಯೇ ಸಾಕಾಗಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ಅವಳ ತಪ್ಪು. ಭಾನುವಾರ ತರಕಾರಿ ವ್ಯಾಪಾರಿ ಬಂದೇ ಬಂದ. ಬರಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಾನೆಟ್ಟು ಎತ್ತಿ, ಡಬ್ಬಿ ನೋಡಿ, ಕೊಳವೆ ತಟ್ಟಿ, ಬೀದಿಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು, ತಾನು ಮೊದಲು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೆಚ್ಚಿಗೆ ಕೊಡುತ್ತೇನೆಂದ. ಮಾರ್ಕೆಟ್ಟಿನ ಧೂಳಿಗೆ ಹೇಳಿಮಾಡಿಸಿದ ಗಾಡಿ ಎಂದ.

ಮೈದುನ ಹಿಗ್ಗಿಹೋದ. "ನೋಡಿದ್ರಾ ಅತ್ತಿಗೆ, ನಿಮ್ಮಿಂದಲೇ ಬೆಲೆ ಏರಿದ್ದು! ಎಲ್ಲಾ ನಿಮ್ಮ ಕೈಗುಣ!"

"ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ," ಎಂದ ಗಂಡ. ದನಿಯಲ್ಲಿ ಮೆಚ್ಚುಗೆಯೂ ಇತ್ತು.

ಅವಳ ಕಿವಿ ಬಿಸಿಯಾಯಿತು. ತಾನು ಅರ ಹಿಡಿದು ಉಜ್ಜಿದ್ದು, ಬೆರಳು ಸುಟ್ಟುಕೊಂಡದ್ದು, ಎಲ್ಲವೂ ಯಾರದೋ ವ್ಯಾಪಾರಕ್ಕೆ ಹೊಳಪು ಕೊಟ್ಟಂತಾಗಿತ್ತು. ಈ ಮನೆಗೆ ಬಂದಾಗಿನಿಂದ ಒಗೆದು, ಮಡಿಸಿ, ಇಸ್ತ್ರಿ ಹಾಕಿ ಕೊಟ್ಟದ್ದನ್ನೆಲ್ಲ ಯಾರೋ ತೊಟ್ಟುಕೊಂಡು ಹೋದ ಹಾಗೆ.

"ಮಾರೋ ಮಾತು ಎತ್ತಬಾರದು ಅಂತ ಆಗಿತ್ತಲ್ಲ?"

"ಅಯ್ಯೋ, ಮನೆಯೊಳಗಿನ ಮಾತು ಅದು. ಮನುಷ್ಯ ಬಾಗಿಲಿಗೆ ಬಂದು ನಿಂತಿದಾನೆ," ಎಂದ ಗಂಡ ದನಿ ತಗ್ಗಿಸಿ.

"ಗಾಡಿ ಅತ್ತೆ ಹೆಸರಲ್ಲಿದೆ. ಅವರನ್ನ ಕೇಳ್ಕೊಂಡು ಬರ್ತೀನಿ," ಎಂದು ಅವಳು ಒಳಗೆ ನಡೆದಳು.

ಅತ್ತೆ ಅಡಿಗೆಮನೆಯಲ್ಲಿ ಒಂದು ಕೈಯನ್ನು ಕಟ್ಟೆಗೆ ಊರಿ ವ್ಯಾಪಾರಿಗೆ ಎರಡನೇ ಸಲ ಚಹಾ ಕಾಯಿಸುತ್ತಿದ್ದಳು.

"ಅತ್ತೆ, ಗಾಡಿ ಮಾರಬೇಡಿ ಅಂತ ಒಂದು ಮಾತು ಹೇಳಿ."

"ಯಾಕೆ ಹೇಳಲಿ?" ಅತ್ತೆ ತಿರುಗಲಿಲ್ಲ. "ನೀನು ಗಾಡಿ ಹತ್ತಿದಾಗಿಂದ ಮಧ್ಯಾಹ್ನದ ಅಡಿಗೆ ಯಾರು ಮಾಡ್ತಿದಾರೆ? ಈ ವಾರವಂತೂ ನೀನು ಗ್ಯಾರೇಜಲ್ಲೇ ಇದ್ದೆ. ಊಟ ಏನು ತಾನಾಗೇ ತಟ್ಟೆಗೆ ಹಾರಿ ಬಂತಾ? ನನ್ನ ಮಂಡಿ ಸವೆದುಹೋಗಿದೆ ಕಣೇ. ಗಾಡಿ ಹೋದ್ರೆ ನೀನು ಒಲೆ ಮುಂದೆ ಬರ್ತೀಯ, ನಾನು ಕೂರ್ತೀನಿ. ನನಗೆ ಅಷ್ಟೇ ಬೇಕಿರೋದು."

ಕೊಳವೆಯೊಳಗಿನ ಮಣ್ಣಿನ ಗೆರೆಯನ್ನು ಹುಡುಕಿ ತೆಗೆದವಳಿಗೆ ದಿನವೂ ಮುಂದೆ ಬಂದು ಕೂರುತ್ತಿದ್ದ ತಟ್ಟೆ ಕಂಡಿರಲಿಲ್ಲ. ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಅತ್ತೆಯ ಹಿಂದೆ ಇಟ್ಟಳು. ಒಲೆ ಆರಿಸಿದಳು.

"ಕೂತ್ಕೊಳ್ಳಿ. ನಾನು ನೋಡಲಿಲ್ಲ, ತಪ್ಪಾಯ್ತು. ಆದ್ರೆ ನೀವು ಕೂರಬೇಕಾದ್ರೆ ನಾನೇ ನಿಲ್ಲಬೇಕು ಅಂತ ಎಲ್ಲಿದೆ ಅತ್ತೆ? ಈ ಮನೇಲಿ ಇನ್ನೂ ಎರಡು ಜೊತೆ ಕಾಲಿದೆ. ಒಳ್ಳೆ ಗಟ್ಟಿಮುಟ್ಟಾದ ಕಾಲು. ಒಬ್ಬರ ಮೇಲೊಬ್ಬರು ನಾವಿಬ್ಬರೇ ಯಾಕೆ ಹೊರೆ ಹೇರ್ಕೋಬೇಕು?"

ಅತ್ತೆ ಸ್ಟೂಲಿನ ಮೇಲೆ ನಿಧಾನವಾಗಿ ಕೂತಳು. "ಅವರು ಮಾಡಿದ್ದನ್ನ ತಿನ್ನೋಕಾಗುತ್ತೇನೇ?"

"ನಾನು ಗಾಡಿ ಕಲಿಯೋವಾಗ ಹಿತ್ತಲ ಗೋಡೆ ಕೆಡವಿದ್ದೆ. ಆದ್ರೂ ಕೀಲಿ ಕಸ್ಕೊಳ್ಳಲಿಲ್ಲ ಮಾವ."

ಅತ್ತೆಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಮಂಡಿ ನೀವಿಕೊಂಡು ಸೊಸೆಯ ತೋಳು ಹಿಡಿದು ಎದ್ದು ಬಾಗಿಲಿಗೆ ಬಂದಳು.

"ಗಾಡಿ ಮಾರಾಟಕ್ಕಿಲ್ಲಪ್ಪ. ಸುಮ್ಮನೆ ಬಂದ ಹಾಗಾಯ್ತು ನಿಮಗೆ, ಬೇಜಾರು ಮಾಡ್ಕೋಬೇಡಿ," ಎಂದಳು ವ್ಯಾಪಾರಿಗೆ. ಮಕ್ಕಳ ಕಡೆ ತಿರುಗಿ, "ನಾಳೆಯಿಂದ ಮಧ್ಯಾಹ್ನದ ಅಡಿಗೆ ನಿಮ್ಮಿಬ್ಬರದು. ಒಂದು ದಿನ ದೊಡ್ಡವನು, ಒಂದು ದಿನ ಚಿಕ್ಕವನು," ಎಂದಳು.

"ಅಮ್ಮಾ, ನಮಗೆ ಬರಲ್ಲ!" ಎಂದರು ಇಬ್ಬರೂ ಒಟ್ಟಿಗೆ.

"ಬಟ್ಟೆ ಒಗೆಯೋಕೆ ಬರುತ್ತಲ್ಲ, ಅಕ್ಕಿ ತೊಳೆಯೋಕೂ ಬರುತ್ತೆ. ಅಲ್ಲಿಂದ ಶುರು ಮಾಡಿ."

ವ್ಯಾಪಾರಿ ಕೈಯಲ್ಲಿದ್ದ ಬರಿ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಮೇಲಿಟ್ಟು ಹೊರಟುಹೋದ.

ಸೋಮವಾರ ಸೊಸೆ ಇಂಜಿನ್ನು ಆರಿಸಿಯೇ ಗಂಟು ಹೇರಿಸಿದಳು, ಬಲೆ ಒರೆಸಿದಳು. ಹೊರಡುವ ಹೊತ್ತಿಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು ಗಾಡಿಯ ಪಕ್ಕ ನಿಂತಿದ್ದಳು.

"ಆಸ್ಪತ್ರೆಗೆ ತಾನೇ ಹೋಗ್ತಿರೋದು? ನನ್ನ ಮಂಡಿ ತೋರಿಸ್ಬೇಕು. ನನ್ನ ಹೆಸರಲ್ಲಿರೋ ಗಾಡೀಲಿ ನಾನು ಒಂದು ದಿನವೂ ಮುಂದೆ ಕೂತಿಲ್ಲ ನೋಡು."

ಸೊಸೆ ಅವಳನ್ನು ಕೈಹಿಡಿದು ಹತ್ತಿಸಿ ಬಾಗಿಲು ಹಾಕಿದಳು. ಕೀಲಿ ತಿರುಗಿಸುತ್ತಿದ್ದಂತೆ ಅಡಿಗೆಮನೆಯ ಕಿಟಕಿಯಿಂದ ಗಂಡನ ದನಿ ಬಂತು. "ಅಮ್ಮಾ, ಈರುಳ್ಳಿ ಎಷ್ಟು ಹಾಕ್ಬೇಕು? ಏನೇ, ಕೇಳಿಸ್ತಾ?"

ಅತ್ತೆ ಕಿಟಕಿಯ ಗಾಜನ್ನು ಏರಿಸಿಕೊಂಡಳು. "ಹೊರಡು, ಹೊರಡು," ಎಂದಳು. "ದಿಬ್ಬ ಹತ್ತೋದು ನಾನೂ ನೋಡ್ಬೇಕು."